ಅಕ್ಕನ ಹೆಸರಿನ ಹುಳ

ನಮ್ಮಕ್ಕ ಕಿನುಯೆ ಮದುವೆಯಾಗಲಿಲ್ಲ. ಅದಕ್ಕೆ ಒಂದು ಹುಳ ಕಾರಣ ಎಂದು ಅಮ್ಮ ಹೇಳುತ್ತಿದ್ದಳು. ಊರಿನವರು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದರು. ಅಮ್ಮ ತಮಾಷೆಗೆ ಹೇಳಿದ್ದಲ್ಲ.

ಉವಾ ಸಮುದ್ರದ ದಂಡೆಯ ನಮ್ಮ ಬೆಟ್ಟಗಳ ತುಂಬ ಕಲ್ಲು ಕಟ್ಟಿದ ಮೆಟ್ಟಿಲು, ಮೆಟ್ಟಿಲ ತುಂಬ ಮಿಕಾನ್ ಕಿತ್ತಳೆ. ಕಡಲ ಗಾಳಿ ಎಲೆ ಸುಡದಿರಲೆಂದು ಅಜ್ಜಿಯರ ಕಾಲದಲ್ಲೇ ಪ್ರತಿ ತೋಟದ ಅಂಚಿಗೂ ತ್ಸುಬಾಕಿ ಗಿಡದ ಬೇಲಿ ಹಾಕಿದ್ದರು. ಚಳಿಯಲ್ಲಿ ಅದು ಕೆಂಪು ಹೂ ಬಿಡುತ್ತದೆ, ಬೀಜದಿಂದ ತಲೆಗೆ ಹಚ್ಚುವ ಎಣ್ಣೆ ಬರುತ್ತದೆ. ನಮ್ಮ ಮಿಕಾನ್‌ಗೆ ಕಾಟ ಕೊಡುತ್ತಿದ್ದದ್ದು ಶಲ್ಕ ಕೀಟ. ನೋಡಿದರೆ ಹುಳ ಎನ್ನಿಸುವುದೇ ಇಲ್ಲ. ಎಲೆಯ ಮೇಲೆ ಯಾರೋ ಸುಣ್ಣ ಚಿಮುಕಿಸಿದ ಹಾಗೆ ಕಾಣುತ್ತದೆ. ಹುಟ್ಟಿದಾಗ ಮರಿಗೆ ಕಾಲಿರುತ್ತದೆ, ಸ್ವಲ್ಪ ಹೊತ್ತು ಓಡಾಡುತ್ತದೆ. ಹೆಣ್ಣು ಒಂದು ಕಡೆ ಕೂತು ಬಾಯಿಯ ಎಳೆ ಚುಚ್ಚಿತೆಂದರೆ ಕಾಲು ಉದುರಿ, ಮೈಮೇಲೆ ಬಿಳಿ ಚಿಪ್ಪು ಬೆಳೆದು, ಸಾಯುವ ತನಕ ಅಲ್ಲೇ. ರಸ ಹೀರಿದ ಎಲೆ ಹಳದಿಯಾಗಿ ಬೀಳುತ್ತದೆ, ಮರ ಸೊರಗುತ್ತದೆ.

ಬೆಟ್ಟದ ಆಚೆ ಸರ್ಕಾರದ ಹಣ್ಣಿನ ಸಂಶೋಧನಾ ಕೇಂದ್ರವಿತ್ತು. ಶಾಲೆ ಮುಗಿದ ಮೇಲೆ ಅಕ್ಕ ಅಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದಳು. ಕೀಟ ವಿಭಾಗದ ಮುಖ್ಯಸ್ಥರು ಮಿಸೆ ಮೇಷ್ಟ್ರು. ಎತ್ತರದ ಆಳು, ಮೆತ್ತಗಿನ ಮಾತು. ಅಕ್ಕನ ಕೈ ನಡುಗುವುದಿಲ್ಲ ಎಂಬುದನ್ನು ಮೊದಲು ಕಂಡವರು ಅವರೇ. ಚಿಪ್ಪು ಎತ್ತಿ, ಎಳ್ಳಿಗಿಂತ ಸಣ್ಣ ಹುಳವನ್ನು ಕ್ಷಾರದಲ್ಲಿ ಬೇಯಿಸಿ, ಒಳಗಿನದ್ದನ್ನೆಲ್ಲ ಒತ್ತಿ ತೆಗೆದು, ಕೆಂಪು ಬಣ್ಣ ಹಿಡಿಸಿ, ಗಾಜಿನ ಪಟ್ಟಿಯ ಮೇಲೆ ಹರಿಯದ ಹಾಗೆ ಹರಡುವುದನ್ನು ಅವಳಿಗೆ ಕಲಿಸಿದರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು, ಆಮೇಲೆ ಲ್ಯಾಟಿನ್ ಓದುವುದನ್ನು. ಯಾವಾತಾಹಾಮಾದ ಮೀನು ವ್ಯಾಪಾರಿಯ ಮಗನಿಗೆ ಅಕ್ಕನನ್ನು ಕೇಳಿಕೊಂಡು ಬಂದಾಗ ಮೇಷ್ಟ್ರೇ ಸಿಹಿ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದರು. ಅಪ್ಪನ ಮುಂದೆ ಮಂಡಿಯೂರಿ ಕೂತು, "ಇವಳನ್ನ ನನಗೆ ಬಿಟ್ಟುಕೊಡಿ. ಮಗಳ ಹಾಗೆ ನೋಡ್ಕೋತೀನಿ. ಇಂಥ ಕಣ್ಣು ಎಲ್ಲರಿಗೂ ಇರಲ್ಲ," ಎಂದರು. ಅಷ್ಟು ಓದಿದವರು ಹಾಗೆ ತಲೆ ಬಾಗಿಸಿದರೆ ಅಪ್ಪ ಏನು ಹೇಳಿಯಾನು? ಸಂಬಂಧ ಬಿಟ್ಟುಹೋಯಿತು. ಅಕ್ಕನಿಗೆ ಬೇಸರವೇನೂ ಆಗಲಿಲ್ಲ. ಅಪ್ಪ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮೇಷ್ಟ್ರೂ ಒಬ್ಬರು.

ಮೇಷ್ಟ್ರಿಗೆ ದೇಶದಲ್ಲಿ ಹೆಸರು ತಂದದ್ದು ಈ ಬಿಳಿ ಚಿಪ್ಪಿನ ಕುಲ. ಮಿಕಾನ್ ಎಲೆಯ ಮೇಲಿನ ಹುಳಕ್ಕೆ ಹಿಂದೆ ಯಾರೋ ಹೆಸರಿಟ್ಟಿದ್ದರು. ತ್ಸುಬಾಕಿಯ ತೊಗಟೆಯ ಮೇಲೆ ಕೂರುವುದು ಅದೇ ಕುಲದ ಬೇರೆ ಪ್ರಭೇದ ಎಂದು ತೋರಿಸಿ, ಅದಕ್ಕೆ ಹೊಸ ಹೆಸರು ಕೊಟ್ಟವರು ಮೇಷ್ಟ್ರು. ವ್ಯತ್ಯಾಸ ಇರುವುದು ಹೆಣ್ಣಿನ ಬಾಲದ ಅಂಚಿನಲ್ಲಿ. ಅಲ್ಲಿ ಬಾಚಣಿಗೆಯ ಹಾಗೆ ಹಲ್ಲುಗಳಿವೆ. ಎಲೆಯ ಹುಳಕ್ಕೆ ನಡುವಿನ ಎರಡು ಹಲ್ಲು ಅಗಲ, ಒಂದಕ್ಕೊಂದು ದೂರ. ತೊಗಟೆಯದಕ್ಕೆ ಮೋಟು, ಒತ್ತಾಗಿವೆ. ಅದನ್ನೇ ಆಧಾರ ಮಾಡಿಕೊಂಡು ಅವರು ಊರೂರು ತಿರುಗಿ, "ಬೇಲಿಯ ಹುಳ ಬೇರೆ, ತೋಟದ ಹುಳ ಬೇರೆ. ಬೇಲಿ ಕಡಿಯೋದೂ ಬೇಡ, ಅದಕ್ಕೆ ಔಷಧಿ ಹೊಡೆಯೋದೂ ಬೇಡ," ಎಂದು ಹೇಳಿದ್ದರು. ನಮ್ಮವರಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ನನ್ನ ಅತ್ತೆ ಪ್ರತಿ ಶರತ್ಕಾಲ ಅವರ ಮನೆಗೆ ಎಣ್ಣೆ ಕಳಿಸುತ್ತಿದ್ದಳು.

ಆದರೆ ಔಷಧಿ ಹೊಡೆದ ತೋಟದಲ್ಲೂ ಬೇಲಿಯ ಪಕ್ಕದ ಸಾಲಿಗೇ ಮೊದಲು ಹುಳ ಬೀಳುತ್ತಿತ್ತು. ಅಕ್ಕನಿಗೆ ಅದು ಕೊರೆಯತೊಡಗಿತು. ಒಂದು ವಸಂತ ನನ್ನ ಗಂಡನ ತೋಟಕ್ಕೆ ಬಂದಳು. ಮಿಕಾನ್ ಎಲೆಯ ತಾಯಿಹುಳದ ಚಿಪ್ಪಿನಡಿಯಿಂದ ಹೊರಟ ಮರಿಗಳನ್ನು ಕೂದಲಿನ ಕುಂಚದಲ್ಲಿ ಎತ್ತಿ ತ್ಸುಬಾಕಿ ಕೊಂಬೆಗೆ ಬಿಟ್ಟು, ಬೇರೆ ಹುಳ ನುಸುಳದಂತೆ ತೆಳು ಬಟ್ಟೆ ಸುತ್ತಿ ಕಟ್ಟಿದಳು.

"ಏನಕ್ಕ, ಗಿಡಕ್ಕೆ ಗಾಯ ಆಗಿದ್ಯಾ? ಪಟ್ಟಿ ಕಟ್ತಿದೀಯ," ಎಂದು ನಾನು ಕೀಟಲೆ ಮಾಡಿದೆ.

"ಸುಮ್ನಿರೇ ಮಿತ್ಸು. ಉಸಿರು ಬಿಟ್ರೆ ಹಾರಿಹೋಗ್ತವೆ."

ಬೇಸಿಗೆ ಕಳೆದ ಮೇಲೆ ಬಟ್ಟೆ ಬಿಚ್ಚಿ, ಬೆಳೆದ ಹೆಣ್ಣುಗಳನ್ನು ತೆಗೆದುಕೊಂಡು ಹೋದಳು. ಒಂದು ವಾರ ಸುಳಿವಿಲ್ಲ. ಆಮೇಲೆ ಒಂದು ಸಂಜೆ ಬಂದು, ನಾನು ಹಾಕಿಕೊಟ್ಟ ಬಿಸಿ ಅನ್ನ, ಜಾಕೊ ಮೀನಿನ ವಡೆ ಮುಟ್ಟದೆ ಕೂತಳು.

"ತಾಯಿ ಎಲೆ ಮೇಲಿದ್ದವಳು, ಹಲ್ಲು ಅಗಲ. ಮಗಳು ತೊಗಟೆ ಮೇಲೆ ಬೆಳೆದಳು, ಹಲ್ಲು ಮೋಟು. ಇನ್ನೂ ಹಸಿರಾಗಿರೋ ಕಡ್ಡಿ ಮೇಲೆ ಬೆಳೆದವರದ್ದು ಎರಡರ ಮಧ್ಯ. ಎರಡು ಜಾತಿ ಅಲ್ಲ ಕಣೇ. ಒಂದೇ. ಕೂತ ಜಾಗದಂತೆ ಹಲ್ಲು."

"ಹಂಗಾದ್ರೆ ಮೇಷ್ಟ್ರು ಇಟ್ಟ ಹೆಸರು?"

"ಹಳೇ ಹೆಸರು ನಿಲ್ಲತ್ತೆ. ಅವರದ್ದು ಬೀಳತ್ತೆ."

"ಹಂಗಿದ್ರೆ ಅವರಿಗೆ ಹೇಳೋಕೆ ಹೋಗ್ಬೇಡ. ನೀನೇ ಬರೆದು ಕಳಿಸಿಬಿಡು."

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. "ನಾನು ನೋಡೋಕೆ ಕಲಿತಿದ್ದೇ ಅವರಿಂದ. ಮೊದಲು ಅವರಿಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ?"

ಹೇಳಿದಳು. ಗಾಜಿನ ಪಟ್ಟಿಗಳನ್ನೆಲ್ಲ ಅವರ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳಂತೆ, ಒಂದು ತುದಿಗೆ ಎಲೆಯವು, ಇನ್ನೊಂದು ತುದಿಗೆ ತೊಗಟೆಯವು, ನಡುವೆ ಹಸಿರು ಕಡ್ಡಿಯವು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಮಧ್ಯಾಹ್ನವೆಲ್ಲ ನೋಡಿದರಂತೆ. ಕೊನೆಗೆ, "ನಾನು ಮಾಡಬೇಕಾಗಿದ್ದ ಕೆಲಸ ನೀನು ಮಾಡಿದೀಯ," ಎಂದು ಅವಳ ಹೆಗಲು ತಟ್ಟಿದರಂತೆ. "ದೊಡ್ಡ ವಿಷಯ ಕಿನುಯೆ. ಅವಸರ ಬೇಡ. ಇನ್ನೊಂದು ಸುತ್ತು ಮಾಡು. ಇವೆಲ್ಲ ನನ್ನ ಹತ್ರ ಇರ್ಲಿ, ನಿಧಾನವಾಗಿ ನೋಡ್ತೀನಿ." ಇದನ್ನು ನನಗೆ ಹೇಳುವಾಗ ಅಕ್ಕನ ಮುಖ ಅರಳಿತ್ತು. "ನೋಡಿದ್ಯಾ? ನೀನು ಏನೋ ಅಂದ್ಕೊಂಡಿದ್ದೆ," ಎಂದು ನನ್ನನ್ನೇ ಛೇಡಿಸಿದಳು.

ಮುಂದಿನ ವರ್ಷ ಮೇಷ್ಟ್ರಿಗೆ ನಿವೃತ್ತಿ. ಉವಾಜಿಮಾದ ಒಂದು ಹಳೆಯ ಛತ್ರದಲ್ಲಿ ಔತಣ ಇಟ್ಟಿದ್ದರು. ಅಮ್ಮನಿಗೂ ನನಗೂ ಕರೆ ಬಂದಿತ್ತು. ಅಮ್ಮ ಅಪ್ಪನ ಶ್ರಾದ್ಧಕ್ಕೆಂದು ಇಟ್ಟಿದ್ದ ಕಪ್ಪು ಕಿಮೊನೊ ತೆಗೆದು, ಇದನ್ನು ಉಟ್ಟರೆ ಅಪಶಕುನವೇನೋ ಎಂದು ಮತ್ತೆ ಮಡಚಿ, ನನ್ನದನ್ನು ಉಟ್ಟು ಬಂದಳು. ತೋಕಿಯೊದಿಂದ ಬಂದ ಕೀಟತಜ್ಞರು ಮೇಲುಸಾಲಿನಲ್ಲಿ, ನಾವು ಬಾಗಿಲ ಹತ್ತಿರ. ಹಸಿ ತಾಯ್ ಮೀನು ಹಾಕಿದ ಅನ್ನ ಬಂತು. ಮೇಷ್ಟ್ರು ಬರೆದ ದಪ್ಪ ಪುಸ್ತಕ ಎಲ್ಲರ ಕೈಗೂ ಒಂದೊಂದು ಬಂತು. ಆ ಬಿಳಿ ಚಿಪ್ಪಿನ ಕುಲದ ಸಮಗ್ರ ವರ್ಗೀಕರಣ ಅದು.

ಮೇಷ್ಟ್ರು ಎದ್ದು ನಿಂತರು. "ಈ ಕುಲದಲ್ಲಿ ನಮ್ಮ ದಂಡೆಯಲ್ಲಿ ಎರಡು ಪ್ರಭೇದ ಇವೆ ಅಂತ ನಾನು ಚಿಕ್ಕ ವಯಸ್ಸಿನಲ್ಲಿ ಬರೆದೆ. ಎರಡಲ್ಲ, ಮೂರು. ಮೂರನೆಯದು ಅವೆರಡರ ನಡುವೆ ನಿಲ್ಲುವಂಥದ್ದು, ಬೇಲಿಯ ಎಳೆ ಕಡ್ಡಿಯ ಮೇಲೆ ಇರುವಂಥದ್ದು. ಇಷ್ಟು ವರ್ಷ ನನ್ನ ಬಲಗೈಯಾಗಿ ದುಡಿದವಳ ಹೆಸರನ್ನ ಅದಕ್ಕೆ ಇಟ್ಟಿದೀನಿ." ಲ್ಯಾಟಿನ್ ಬಾಲ ಅಂಟಿಸಿದ ಅಕ್ಕನ ಹೆಸರನ್ನು ಅವರು ನಿಧಾನವಾಗಿ, ಒತ್ತಿ ಉಚ್ಚರಿಸಿದರು.

ಚಪ್ಪಾಳೆ ಬಿತ್ತು. ಅಕ್ಕ ಎದ್ದು ಎಲ್ಲರಿಗೂ ಬಾಗಿದಳು. ಅಮ್ಮ ಅಳುತ್ತಿದ್ದಳು. ಪಕ್ಕದಲ್ಲಿದ್ದವರು ಯಾರೆಂದೂ ನೋಡದೆ, "ನನ್ನ ಮಗಳು. ಅದು ನನ್ನ ಮಗಳ ಹೆಸರು," ಎಂದು ಅವರ ತೋಳು ಹಿಡಿದು ಹೇಳುತ್ತಿದ್ದಳು. ಅಕ್ಕ ಕೂತು ಪುಸ್ತಕ ಬಿಡಿಸಿದಳು. ಮೂರನೆಯ ಪ್ರಭೇದದ ಫೋಟೊ ಇದ್ದ ಪುಟದಲ್ಲಿ ಅವಳ ಬೆರಳು ನಿಂತುಬಿಟ್ಟಿತು.

ಎಡಗಡೆಯ ಒಂದು ಹಲ್ಲು ಅರ್ಧ ಮುರಿದ ಹುಳ ಅದು. ಗಾಜಿನ ಮೇಲೆ ಹರಡುವಾಗ ಅಕ್ಕನ ಸೂಜಿಯೇ ತಾಗಿ ಮುರಿದದ್ದು. ಎಷ್ಟೋ ವರ್ಷದಲ್ಲಿ ಕೈ ತಪ್ಪಿದ್ದು ಅದೊಂದೇ ಸಲ ಎಂದು ನನ್ನ ಹತ್ತಿರ ಪೇಚಾಡಿದ್ದಳು. ನನ್ನ ತೋಟದ ಬಟ್ಟೆಯೊಳಗೆ ಅವಳು ಸಾಕಿದ ಹುಳ. ತಾಯಿ ಎಲೆಯವಳು, ಸೋದರಿಯರು ತೊಗಟೆಯವರು. ಎರಡೂ ಒಂದೇ ಎಂಬುದಕ್ಕೆ ಸಾಕ್ಷಿಯಾಗಿ ಅವಳು ಮೇಷ್ಟ್ರ ಮೇಜಿನ ನಡುವೆ ಇಟ್ಟಿದ್ದ ಅದನ್ನೇ ಮೇಷ್ಟ್ರು ಮೂರನೆಯದು ಎಂದು ಅಚ್ಚು ಹಾಕಿಸಿದ್ದರು. ಕೆಳಗೆ "ಬೇಲಿಯಿಂದ ಸಂಗ್ರಹಿಸಿದ್ದು" ಎಂದಿತ್ತು. ಸಾಕಿದ ವಿಷಯವೇ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಫೋಟೊ ತೆಗೆದವಳು ಯಾಸುಯೊ. ಕೇಂದ್ರದಲ್ಲಿ ಅಕ್ಕನ ಪಕ್ಕದ ಮೇಜಿನವಳು. ಹೊಸ ವರ್ಷಕ್ಕೆ ನಮ್ಮ ಮನೆಗೆ ಬಂದು ಅಮ್ಮ ಅನ್ನ ಕುಟ್ಟಿ ಮಾಡಿದ ಮೋಚಿ ಉಂಡೆ ತಿಂದು ಹೋಗುತ್ತಿದ್ದವಳು. ಊಟ ಮುಗಿದ ಮೇಲೆ ಚಪ್ಪಲಿ ಬಿಡುವ ಜಾಗದಲ್ಲಿ ಅಕ್ಕ ಅವಳನ್ನು ನಿಲ್ಲಿಸಿದಳು.

"ಇದು ನಾನು ಸಾಕಿದ್ದು ಅಂತ ನಿನಗೆ ಗೊತ್ತಿತ್ತಲ್ಲ."

ಯಾಸುಯೊ ಪಾದರಕ್ಷೆ ಹುಡುಕುವವಳ ಹಾಗೆ ಕೆಳಗೆ ನೋಡಿದಳು. "ಗೊತ್ತಿತ್ತು. ಹೇಳ್ಬೇಡ ಅಂದ್ರು. ಅವಳಿಗೆ ಖುಷಿ ಆಗ್ಲಿ, ಅಲ್ಲೀತನಕ ಗುಟ್ಟಾಗಿರ್ಲಿ ಅಂದ್ರು."

"ನೀನು ನಂಬಿದ್ಯಾ?"

"ನಂಬೋದು ಸುಲಭ ಇತ್ತು ಕಿನುಯೆ. ಅವರು ಹೋದ ಮೇಲೂ ನಾನು ಅಲ್ಲೇ ಕೆಲಸ ಮಾಡ್ಬೇಕು."

ಅಕ್ಕ ತನ್ನ ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ಬಸ್ಸಿನಲ್ಲಿ ಅಮ್ಮ ದಾರಿಯುದ್ದಕ್ಕೂ ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದಳು. ಮನೆಗೆ ಬಂದವಳೇ ಅದನ್ನು ಬುದ್ಧನ ಗೂಡಿನಲ್ಲಿ ಅಪ್ಪನ ಫೋಟೊ ಪಕ್ಕ ಇಟ್ಟು ಗಂಟೆ ಬಾರಿಸಿದಳು. ಆ ರಾತ್ರಿ ನಾನೂ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಅಮ್ಮ ನಮ್ಮಿಬ್ಬರನ್ನೂ ಎಬ್ಬಿಸಿ, ಮಿಕಾನ್ ಬುಟ್ಟಿಯೊಂದನ್ನು ಕೈಗಿತ್ತು, "ಹೋಗಿ ಮೇಷ್ಟ್ರಿಗೆ ನಮಸ್ಕಾರ ಹೇಳಿ ಬನ್ನಿ. ಬರಿಗೈಲಿ ಹೋಗ್ಬೇಡಿ," ಎಂದಳು. ಅಕ್ಕ ಬುಟ್ಟಿ ಎತ್ತಿಕೊಂಡಳು. ಅವಳಿಗೂ ಹೋಗಬೇಕಾಗಿತ್ತು.

ಮೇಷ್ಟ್ರು ಜಗಲಿಯಲ್ಲಿ ಬಿಸಿಲು ಕಾಯುತ್ತಿದ್ದರು. ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು.

"ಮುರಿದ ಹಲ್ಲಿನದ್ದನ್ನೇ ಯಾಕೆ ಹಾಕಿದ್ರಿ ಮೇಷ್ಟ್ರೇ?" ಎಂದಳು ಅಕ್ಕ. "ಬೇರೆ ಎಷ್ಟೋ ಇದ್ವಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಮಡಚಿದರು. "ನೀನು ಗುರುತು ಹಿಡೀತೀಯ ಅಂತ ಗೊತ್ತಿತ್ತು. ಅದು ಉಳಿದವಕ್ಕಿಂತ ಚೆನ್ನಾಗಿ ಮಧ್ಯ ನಿಲ್ಲತ್ತೆ."

"ಮಧ್ಯ ನಿಲ್ಲತ್ತೆ, ಅದಕ್ಕೇ ಅವೆರಡೂ ಒಂದೇ. ನಾನು ನಿಮಗೆ ತೋರಿಸಿದ್ದೇ ಅದನ್ನ."

"ತೋರಿಸಿದೆ. ನಾನೂ ನೋಡಿದೆ." ಅವರು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಕಿನುಯೆ, ಊರೂರಿಗೆ ಹೋಗಿ ಬೇಲಿ ಬಿಡಿ ಅಂತ ಹೇಳಿದವನು ನಾನು. ನನ್ನ ಮಾತು ನಂಬಿ ಜನ ಬಿಟ್ರು. ಅಷ್ಟು ವರ್ಷ ಅವರ ಮರ ಹಾಳಾಗಿದ್ದು ನನ್ನಿಂದ ಅಂತ ಈ ವಯಸ್ಸಲ್ಲಿ ಹೋಗಿ ಹೇಳ್ಲಾ? ನಾನು ಸತ್ತ ಮೇಲೆ ಏನು ಬೇಕಾದ್ರೂ ಬರಿ. ಅಲ್ಲೀತನಕ ನಿನಗೂ ಏನಾದ್ರೂ ಇರ್ಲಿ ಅಂತ ಆ ಹೆಸರು ಇಟ್ಟೆ."

"ನನ್ನ ಬಾಯಿಗೆ ಬೀಗ ಹಾಕೋಕೆ ನನ್ನ ಹೆಸರನ್ನೇ ತಗೊಂಡ್ರಿ."

"ಅದೊಂದು ಉಡುಗೊರೆ. ಹೆಸರು ಒಂದು ಸಲ ಅಚ್ಚಾದ್ರೆ ಸಾಯಲ್ಲ, ನಿನಗೆ ಗೊತ್ತಲ್ಲ. ನಾವಿಬ್ರೂ ಹೋದ ಮೇಲೂ ಇರತ್ತೆ."

"ಇರತ್ತೆ. ಸರಿಯಾದ ಹೆಸರಿನ ಕೆಳಗೆ, ತಪ್ಪುಗಳ ಸಾಲಿನಲ್ಲಿ."

"ಅದನ್ನ ಅಲ್ಲಿಗೆ ಇಳಿಸೋದು ನೀನು ಮಾತ್ರ," ಎಂದರು ಮೇಷ್ಟ್ರು. ಬೆದರಿಕೆಯ ದನಿ ಅಲ್ಲ, ಬೇಡಿಕೊಂಡ ಹಾಗಿತ್ತು. "ಯಾರು ತಾನೇ ತನ್ನ ಹೆಸರನ್ನ ಹಾಗೆ ಮಾಡ್ಕೋತಾರೆ?"

ಅಕ್ಕ ಎದ್ದಳು. ಮಿಕಾನ್ ಬುಟ್ಟಿಯನ್ನು ಮರೆತು ತಾನೇ ಹಿಡಿದುಕೊಂಡು ಹೊರಟಿದ್ದಳು. ನಾನು ಅದನ್ನು ಅವಳ ಕೈಯಿಂದ ತೆಗೆದು ಜಗಲಿಯ ಮೇಲಿಟ್ಟೆ. ಅಮ್ಮ ಕೊಟ್ಟದ್ದು, ವಾಪಸು ತಂದರೆ ಏನು ಹೇಳುವುದು? ಇಳಿಜಾರಿನಲ್ಲಿ ಅಕ್ಕ ಅಳಲಿಲ್ಲ. "ಅಪ್ಪನ ಮುಂದೆ ಮಗಳ ಹಾಗೆ ಅಂದಿದ್ರು," ಎಂದು ಒಂದು ಸಲ, ಯಾರಿಗೂ ಅಲ್ಲದ ಹಾಗೆ ಹೇಳಿದಳು.

ಅವಳು ಕೇಂದ್ರದ ಕೆಲಸ ಬಿಟ್ಟಳು. ಹೊಟ್ಟೆಪಾಡಿಗೆ ನಮ್ಮ ಊರಿನ ಹಣ್ಣು ವಿಂಗಡಿಸುವ ಶೆಡ್ಡಿಗೆ ಹೋಗುತ್ತಿದ್ದಳು. ಮೊದಲಿನ ಗಾಜಿನ ಪಟ್ಟಿಗಳೆಲ್ಲ ಮೇಷ್ಟ್ರ ಕಪಾಟಿನಲ್ಲಿದ್ದವು. ಆದ್ದರಿಂದ ವಸಂತ ಬಂದಾಗ ನನ್ನ ತೋಟದಲ್ಲಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದಳು. ಎಲೆಯಿಂದ ತೊಗಟೆಗೆ, ತೊಗಟೆಯಿಂದ ಎಲೆಗೆ, ಎರಡೂ ಕಡೆಯಿಂದ ಹಸಿರು ಕಡ್ಡಿಗೆ. ಈ ಸಲ ನಾನೂ ಬಟ್ಟೆ ಕಟ್ಟಿದೆ. ನನ್ನ ಗಂಡ ಯಾರದೋ ಹಳೆಯ ಸೂಕ್ಷ್ಮದರ್ಶಕ ತಂದುಕೊಟ್ಟ. ಉಪಕರಣ ಇಡಲು ಜಾಗವಿಲ್ಲದೆ ಅಕ್ಕ ಅದನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟುಕೊಂಡಳು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಸಹಕಾರ ಸಂಘದ ಗಂಡಸರು ಬೇಲಿಯ ಪಕ್ಕ ನಿಂತು ಹಲ್ಲು ಕಿರಿಯುತ್ತಿದ್ದರು.

"ಏನ್ ಕಿನುಯೆ, ನಿನ್ನ ಹೆಸರಿನ ಹುಳಾನ ನೀನೇ ಹೊಸಕಿ ಹಾಕ್ತೀಯಂತೆ?"

"ಹೌದು. ಆಮೇಲೆ ನಿಮ್ಮ ಬೇಲಿಗೆ ಬರ್ತೀನಿ," ಎನ್ನುತ್ತಿದ್ದಳು ಅಕ್ಕ ತಲೆ ಎತ್ತದೆ.

"ಬೇಲಿ ತಂಟೆಗೆ ಬರ್ಬೇಡಮ್ಮ. ಮೇಷ್ಟ್ರು ಬೇಡ ಅಂದಿದಾರೆ."

ಇವರ ಮಾತು ಅವಳಿಗೆ ತಾಗುತ್ತಿರಲಿಲ್ಲ. ತಾಗಿದ್ದು ಅಮ್ಮನದು. ಲೇಖನ ಬರೆದು ಮುಗಿಸಿದ ದಿನ ಅಕ್ಕ ಅಮ್ಮನ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಅಮ್ಮ ಬಟಾಣಿ ಸುಲಿಯುತ್ತ ಕೇಳಿಸಿಕೊಂಡಳು.

"ಹಂಗಾದ್ರೆ ಆ ಹುಳ ಇಲ್ವಾ?"

"ಹುಳ ಇದೆ ಅಮ್ಮ. ಅದಕ್ಕೆ ಆ ಹೆಸರು ಸಲ್ಲಲ್ಲ."

"ಮದುವೆ ಆಗ್ಲಿಲ್ಲ, ಮಕ್ಕಳಾಗ್ಲಿಲ್ಲ. ಅಷ್ಟು ಜನರ ಮುಂದೆ ನಿನಗೆ ಸಿಕ್ಕಿದ್ದು ಅದೊಂದು. ಅದನ್ನೂ ಅಳಿಸಿಬಿಡ್ತೀಯಾ? ಸುಳ್ಳಾದ್ರೇನು, ನಿನ್ನ ಹೆಸರು ತಾನೇ?"

"ಅವರು ಸುಳ್ಳು ಹೇಳೋಕೆ ನನ್ನನ್ನ ಆರಿಸಿಕೊಂಡ್ರಲ್ಲ, ಅದನ್ನ ನಾನು ಹೊತ್ಕೊಂಡು ತಿರುಗಲ್ಲ."

ಅಮ್ಮ ಬಟಾಣಿಯ ಬುಟ್ಟಿ ತೆಗೆದುಕೊಂಡು ಒಳಗೆ ಹೋದಳು. ಪುಸ್ತಕವನ್ನು ಬುದ್ಧನ ಗೂಡಿನಿಂದ ತೆಗೆಯಲೇ ಇಲ್ಲ. ದಿನವೂ ಅದರ ಧೂಳು ಒರೆಸುತ್ತಿದ್ದಳು. ಅಕ್ಕ ಮನೆಯಲ್ಲಿದ್ದರೆ ಅಕ್ಕನಿಗೆ ಕಾಣುವ ಹಾಗೆಯೇ ಒರೆಸುತ್ತಿದ್ದಳು.

ಲೇಖನ ಒಂದು ಸಣ್ಣ ಪತ್ರಿಕೆಯಲ್ಲಿ ಬಂತು. ಮೂರೂ ಒಂದೇ ಪ್ರಭೇದ, ಹಳೆಯ ಹೆಸರೇ ಊರ್ಜಿತ, ಉಳಿದ ಎರಡೂ ಅದರ ಕೆಳಗೆ. ತೋಕಿಯೊದ ಯಾರೂ ಮಾತಾಡಲಿಲ್ಲ. ಕೆಲಸ ಬಿಟ್ಟ ಸಿಟ್ಟಿಗೆ ಬರೆದಿದ್ದಾಳೆ ಎಂದು ಕೇಂದ್ರದಲ್ಲಿ ಆಡಿಕೊಂಡರು. ಹಾಗೆ ಆಡಿಕೊಂಡವರಲ್ಲಿ ಯಾಸುಯೊ ಕೂಡ ಇದ್ದಳೆಂದು ನನಗೆ ಗೊತ್ತಾಯಿತು. ಅಕ್ಕನಿಗೆ ನಾನು ಹೇಳಲಿಲ್ಲ. ಆಮೇಲೆ ಕ್ಯೂಶೂವಿನ ಒಬ್ಬ ಅಪರಿಚಿತ ಸಂಶೋಧಕ ತನ್ನ ಕಡೆಯ ಗಿಡಗಳ ಮೇಲೆ ಅದೇ ಪ್ರಯೋಗ ಮಾಡಿ, ಕಿನುಯೆ ಬರೆದದ್ದು ಸರಿ ಎಂದು ಬರೆದ. ನಿಧಾನವಾಗಿ ನಮ್ಮ ಸಂಘವೂ ಮರಿ ಹೊರಡುವ ಕಾಲಕ್ಕೆ ಬೇಲಿಗೂ ಔಷಧಿ ಹೊಡೆಯಲು ಹೇಳತೊಡಗಿತು. ಯಾರ ಮಾತಿನ ಮೇಲೆ ಎಂದು ಯಾರೂ ಹೇಳಲಿಲ್ಲ. ಬೇಲಿಯ ಪಕ್ಕದ ಸಾಲು ಚೇತರಿಸಿಕೊಂಡಿತು.

ಮೇಷ್ಟ್ರು ಅಕ್ಕನ ಲೇಖನಕ್ಕೆ ಉತ್ತರವಾಗಿ ಒಂದು ಸಾಲೂ ಬರೆಯಲಿಲ್ಲ. ಒಂದು ಸಲ ಹಡಗುಕಟ್ಟೆಯಲ್ಲಿ ಅಕ್ಕ ಎದುರಾದಾಗ ಟೋಪಿ ತೆಗೆದು, ಅಪರಿಚಿತರಿಗೆ ಮಾಡುವಷ್ಟೇ ಬಾಗಿ, ದಾಟಿ ಹೋದರು. ಅಕ್ಕನೂ ಅಷ್ಟೇ ಬಾಗಿದಳು.

ಅವರು ತೀರಿಕೊಂಡದ್ದು ಮಳೆಗಾಲಕ್ಕೆ ಮುಂಚೆ. ಅಂತ್ಯಕ್ರಿಯೆಗೆ ಅಕ್ಕ ಹೋಗಲಿಲ್ಲ. ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದ ಮೇಲೆ ಅವರ ಹೆಂಡತಿಯೇ ಫೋನ್ ಮಾಡಿ, ಒಂದು ಸಲ ಬಂದು ಹೋಗಿ ಎಂದು ಕೇಳಿಕೊಂಡರು. ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡಳು.

ಮನೆ ತುಂಬ ಲಿಲ್ಲಿ ಹೂವಿನ ವಾಸನೆ. ಆಕೆ ತುಂಬಾ ಸಣ್ಣಗಾಗಿದ್ದರು. ಅಕ್ಕ ಅವರಿಗೆ ಹಣೆ ಚಾಪೆಗೆ ತಾಗುವಷ್ಟು ಬಾಗಿದಳು. ಆಕೆ ಗಂಡನ ಫೋಟೊ ಮುಂದೆ ದಿಂಬು ಸರಿಸಿ, ಒಂದು ಅಗರಬತ್ತಿ ತೆಗೆದು ಅಕ್ಕನ ಕಡೆ ಚಾಚಿದರು.

"ಕೊನೆಕೊನೆಗೆ ನಿಮ್ಮ ಹೆಸರು ಹೇಳ್ತಿದ್ರು."

"ಯಾವ ಹೆಸರು ಅಮ್ಮ?" ಎಂದಳು ಅಕ್ಕ ಮೆಲ್ಲಗೆ. "ನಂದಾ? ಹುಳದ್ದಾ?"

ಆಕೆಯ ಕೈ ಹಾಗೇ ನಿಂತಿತು. ಆಕೆಗೆ ಏನೂ ಗೊತ್ತಿರಲಿಲ್ಲವೋ, ಎಲ್ಲ ಗೊತ್ತಿತ್ತೋ, ಮುಖ ನೋಡಿ ನನಗೆ ತಿಳಿಯಲಿಲ್ಲ. ನಾನೇ ಆ ಅಗರಬತ್ತಿ ತೆಗೆದುಕೊಂಡು ಹಚ್ಚಿ, ಕೈಮುಗಿದು ಬಂದೆ. ಅಕ್ಕ ದಿಂಬಿನ ಮೇಲೆ ಕೂರಲಿಲ್ಲ. ಕಪಾಟು ಒಂದು ವಿಶ್ವವಿದ್ಯಾಲಯಕ್ಕೆ ಹೋಗಲಿದೆ, ಅದರಲ್ಲಿ ನಿಮ್ಮದೇನಾದರೂ ಇದ್ದರೆ ತೆಗೆದುಕೊಳ್ಳಿ ಎಂದು ಆಕೆ ಹೇಳಿದರು. ಅಕ್ಕ ಬೇಡವೆಂದಳು. ಹಾಗೆ ಬಿಡಿ ಬಿಡಿಯಾದರೆ ಮುಂದೆ ನೋಡುವವರಿಗೆ ತೊಂದರೆ, ಒಟ್ಟಿಗೇ ಇರಲಿ ಎಂದಳು.

ಬಸ್ ನಿಲ್ದಾಣಕ್ಕೆ ನಡೆಯುವಾಗ ನಾನು ಕೇಳಿದೆ, "ಒಂದು ಬತ್ತಿ ಹಚ್ಚಿದ್ರೆ ಏನಾಗ್ತಿತ್ತು ಅಕ್ಕ? ಸತ್ತವರು."

"ಹಚ್ಚಿದ್ರೆ ಅಲ್ಲಿ ಏನಾದ್ರೂ ಹೇಳ್ಬೇಕಾಗ್ತಿತ್ತಲ್ಲ ಮನಸ್ಸಲ್ಲಿ," ಎಂದಳು. "ಥ್ಯಾಂಕ್ಸ್ ಅಂತ ಹೇಳೋದಾ, ಯಾಕೆ ಹಿಂಗೆ ಮಾಡಿದ್ರಿ ಅಂತ ಕೇಳೋದಾ ಅಂತ ಬರೋ ದಾರಿಯಲ್ಲೆಲ್ಲ ಯೋಚಿಸಿದೆ. ಎರಡೂ ಬಾಯಿಗೆ ಬರ್ಲಿಲ್ಲ."

ಬಸ್ ಬರಲು ಹೊತ್ತಿತ್ತು. ಅಕ್ಕ ಬಿಸಿಲಿಗೆ ಕೊಡೆ ಬಿಡಿಸಿದಳು, ಅರ್ಧ ನನ್ನ ಕಡೆ ಸರಿಸಿದಳು.